ಕಟ್ಟಡಕ್ಕೂ ಮೊದಲಿನ ಸಂಸ್ಥೆ: ಯೋಹಾನ್ನಾ ವ್ಯಾನ್ ಗೋ-ಬಾಂಗರ್

ಆಮ್‌ಸ್ಟರ್‌ಡ್ಯಾಮಿನ ವ್ಯಾನ್ ಗೋ ಮ್ಯೂಸಿಯಂ ಬಾಗಿಲು ತೆರೆದದ್ದು 1973ರ ಜೂನ್ 2ರಂದು. ಆ ಲೆಕ್ಕದಲ್ಲಿ 2023ಕ್ಕೆ ಅದಕ್ಕೆ ಐವತ್ತು ತುಂಬಿತು. ಸಂಸ್ಥೆಗಳ ವಯಸ್ಸನ್ನು ನಾವು ಎಣಿಸುವುದೇ ಹೀಗೆ: ಶಂಕುಸ್ಥಾಪನೆ, ಉದ್ಘಾಟನೆ, ಬೆಳ್ಳಿಹಬ್ಬ, ಸುವರ್ಣ ಮಹೋತ್ಸವ. ಕಟ್ಟಡದಿಂದ ಹಿಂದಕ್ಕೆ ಹೋದರೆ 1962ರ ಒಪ್ಪಂದ ಸಿಗುತ್ತದೆ. ಕುಟುಂಬದ ಸಂಗ್ರಹ ಒಂದು ಪ್ರತಿಷ್ಠಾನದ ಕೈಗೆ ಬಂದು, ಡಚ್ ಸರ್ಕಾರ ಅದಕ್ಕಾಗಿ 15 ದಶಲಕ್ಷ ಗಿಲ್ಡರ್ ಕೊಟ್ಟು, ಮ್ಯೂಸಿಯಂ ಕಟ್ಟಿಸಿಕೊಡುವ ಮಾತು ಕೊಟ್ಟ ವರ್ಷ ಅದು. ಇನ್ನೂ ಹಿಂದೆ, 1930ರ ಹೊತ್ತಿಗೆ, ಅದೇ ಚಿತ್ರಗಳು ಪಕ್ಕದ ಸ್ಟೆಡೆಲೆಕ್ ಮ್ಯೂಸಿಯಂನಲ್ಲಿ ಎರವಲಾಗಿ ತೂಗುತ್ತಿದ್ದವು. ಅಧಿಕೃತ ಇತಿಹಾಸಕ್ಕೆ ಇಷ್ಟು ಸಾಕಾಗಬಹುದು. ಆದರೆ ಇದಕ್ಕೆಲ್ಲ ಮೊದಲು, 1891ರಿಂದ 1925ರ ವರೆಗೆ, ಈ ಸಂಸ್ಥೆಗೆ ಕಟ್ಟಡವೂ ಇರಲಿಲ್ಲ, ಪ್ರತಿಷ್ಠಾನವೂ ಇರಲಿಲ್ಲ, ಸಿಬ್ಬಂದಿಯೂ ಇರಲಿಲ್ಲ, ಒಬ್ಬ ಹೆಂಗಸಿದ್ದಳು. ಮ್ಯೂಸಿಯಂ ಒಂದು ಮಾಡಬೇಕಾದ ಕೆಲಸಗಳನ್ನೆಲ್ಲ ಯೋಹಾನ್ನಾ ವ್ಯಾನ್ ಗೋ-ಬಾಂಗರ್ ತನ್ನ ಮನೆಯ ಮೇಜಿನಿಂದಲೇ ನಡೆಸಿದಳು. ಆಕೆಯನ್ನು ನೆನೆಯುವವರು ಹೆಚ್ಚಾಗಿ ಹೇಳುವುದು, ಗಂಡನ ಅಣ್ಣ ವಿನ್ಸೆಂಟ್‌ನ ಚಿತ್ರಗಳನ್ನು ಜೋಪಾನವಾಗಿ ಕಾಯ್ದಳು ಎಂದು. ಆ ಹೊಗಳಿಕೆ ಆಕೆಯ ಕೆಲಸವನ್ನು ಚಿಕ್ಕದು ಮಾಡುತ್ತದೆ ಎಂಬುದು ನನ್ನ ವಾದ. ಕಾಯುವುದಕ್ಕೆ ನಿಷ್ಠೆ ಸಾಕು. ಯಾವುದನ್ನು ಕೊಡಬೇಕು, ಯಾರಿಗೆ, ಯಾವಾಗ, ಯಾವುದನ್ನು ಎಂದಿಗೂ ಕೊಡಬಾರದು ಎಂದು ಮೂವತ್ತನಾಲ್ಕು ವರ್ಷ ನಿರ್ಧರಿಸುತ್ತ ಹೋಗುವುದಕ್ಕೆ ಬೇಕಾದದ್ದು ಬೇರೆ.

ಆಕೆಯ ಕೈಗೆ ಬಂದದ್ದೇನು ಎಂಬುದನ್ನು ಮೊದಲು ನೋಡಬೇಕು. ವಿನ್ಸೆಂಟ್ ಸತ್ತದ್ದು 1890ರ ಜುಲೈ 29ರಂದು, ಪ್ಯಾರಿಸ್ ಬಳಿಯ ಓವೇರ್‌ನಲ್ಲಿ. ಅವನನ್ನು ಹಣದಲ್ಲೂ ಮನಸ್ಸಿನಲ್ಲೂ ಹೊತ್ತು ನಿಂತಿದ್ದ ತಮ್ಮ ಥಿಯೋ ಆರು ತಿಂಗಳೊಳಗೆ, 1891ರ ಜನವರಿ 25ರಂದು, ಉಟ್ರೆಕ್ಟ್‌ನಲ್ಲಿ ತೀರಿಕೊಂಡ. ಥಿಯೋನನ್ನು ಮದುವೆಯಾಗಿ ಯೋಹಾನ್ನಾಗೆ ಆಗ ಇಪ್ಪತ್ತೊಂದೇ ತಿಂಗಳು; ವಯಸ್ಸು ಇಪ್ಪತ್ತೆಂಟು; ಮಡಿಲಲ್ಲಿ ವರ್ಷ ತುಂಬದ ಮಗು, ದೊಡ್ಡಪ್ಪನ ಹೆಸರನ್ನೇ ಹೊತ್ತ ವಿನ್ಸೆಂಟ್ ವಿಲೆಮ್. ಪ್ಯಾರಿಸ್ಸಿನ ಪಿಗಾಲ್ ಬಡಾವಣೆಯ ಮನೆಯಲ್ಲಿ ಸುಮಾರು ನಾನೂರು ತೈಲಚಿತ್ರಗಳು, ನೂರಾರು ರೇಖಾಚಿತ್ರಗಳು, ಅಣ್ಣ ತಮ್ಮನಿಗೆ ಬರೆದ ಪತ್ರಗಳ ಕಟ್ಟುಗಳು. ವಿನ್ಸೆಂಟ್‌ನ ತಾಯಿಯೂ ತಂಗಿಯರೂ ತಮ್ಮ ಹಕ್ಕನ್ನು ಬಿಟ್ಟುಕೊಟ್ಟಿದ್ದರು. ಅದರಲ್ಲಿ ಔದಾರ್ಯವೂ ಇರಬಹುದು. ಮಾರಲಾಗದ ಸರಕಿಗೆ ಪಾಲು ಕೇಳುವವರು ಯಾರು ಎಂಬುದೂ ಇರಬಹುದು. ಯೋಹಾನ್ನಾ ವಿನ್ಸೆಂಟ್‌ನನ್ನು ಕಂಡದ್ದೇ ಬೆರಳೆಣಿಕೆಯ ದಿನ: 1890ರ ಮೇ ತಿಂಗಳಲ್ಲಿ ಅವನು ಮೂರು ದಿನ ಪ್ಯಾರಿಸ್ಸಿನ ಮನೆಯಲ್ಲಿ ಉಳಿದಾಗ, ಜೂನ್‌ನಲ್ಲಿ ಓವೇರ್‌ಗೆ ಹೋಗಿ ಬಂದಾಗ, ಜುಲೈನ ಒಂದು ದಿನ. ಆಮ್‌ಸ್ಟರ್‌ಡ್ಯಾಮಿನ ವಿಮೆ ದಲ್ಲಾಳಿಯೊಬ್ಬನ ಮಗಳಾಗಿ ಇಂಗ್ಲಿಷ್ ಓದಿ, ಕೆಲಕಾಲ ಹೆಣ್ಣುಮಕ್ಕಳ ಶಾಲೆಗಳಲ್ಲಿ ಪಾಠ ಹೇಳಿದ್ದವಳಿಗೆ ಚಿತ್ರಕಲೆಯ ತರಬೇತಿ ಇರಲಿಲ್ಲ, ಮಾರುಕಟ್ಟೆಯ ಪರಿಚಯವಿರಲಿಲ್ಲ. ಥಿಯೋಗೆ ಇವೆರಡೂ ಇದ್ದವು. ಹೆಸರಾಂತ ಗ್ಯಾಲರಿಯೊಂದರ ಶಾಖೆ ನೋಡಿಕೊಳ್ಳುತ್ತಿದ್ದ ಅವನು ಅಣ್ಣ ಸತ್ತ ಮೇಲೆ ದ್ಯುರಾಂ-ರ್ಯುಯೆಲ್ ಗ್ಯಾಲರಿಯಲ್ಲಿ ಪ್ರದರ್ಶನಕ್ಕೆ ಯತ್ನಿಸಿ ಸೋತಿದ್ದ; ಕೊನೆಗೆ ಚಿತ್ರಕಾರ ಎಮೀಲ್ ಬರ್ನಾರ್‌ನ ನೆರವಿನಿಂದ ಮನೆಯ ಗೋಡೆಗಳಿಗೇ ಚಿತ್ರಗಳನ್ನು ತೂಗುಹಾಕಿದ್ದ. ಯೋಹಾನ್ನಾ ಗಂಡನ ಕೆಲಸವನ್ನು ಮುಂದುವರಿಸಿದಳಷ್ಟೆ ಎನ್ನುವವರು ಇದನ್ನು ಗಮನಿಸಬೇಕು. ಮುಂದುವರಿಸಲು ಸಿದ್ಧವಾಗಿದ್ದ ದಾರಿಯೇನೂ ಅಲ್ಲಿರಲಿಲ್ಲ.

ಚಿತ್ರಗಳು ಅಷ್ಟು ದೊಡ್ಡವಾಗಿದ್ದಾಗ ಯಾರಿದ್ದರೇನು, ಯಾರಿಲ್ಲದಿದ್ದರೇನು, ಅವು ತಾವಾಗಿಯೇ ಬೆಳಕಿಗೆ ಬರುತ್ತಿದ್ದವು ಎಂಬ ಆಕ್ಷೇಪವನ್ನು ಇಲ್ಲಿಯೇ ಎದುರಿಸುವುದು ಒಳ್ಳೆಯದು. ಇದು ಊಹೆಯ ಮಾತಾಗಿ ಉಳಿಯಬೇಕಿಲ್ಲ, ಏಕೆಂದರೆ ಪರೀಕ್ಷೆ ನಿಜವಾಗಿಯೇ ನಡೆದುಹೋಗಿದೆ. ವಿನ್ಸೆಂಟ್ 1885ರ ಕೊನೆಯಲ್ಲಿ ನ್ಯೂನೆನ್ ಎಂಬ ಹಳ್ಳಿಯನ್ನು ಬಿಟ್ಟಾಗ ಅಲ್ಲಿ ಬರೆದ ಚಿತ್ರಗಳ ದೊಡ್ಡ ರಾಶಿಯನ್ನು ತಾಯಿಯ ಬಳಿ ಬಿಟ್ಟುಹೋಗಿದ್ದ. ತಾಯಿ ಮರುವರ್ಷ ಬ್ರೆಡಾ ಪಟ್ಟಣಕ್ಕೆ ಮನೆ ಬದಲಿಸಿದಾಗ ಪೆಟ್ಟಿಗೆಗಳು ಅಲ್ಲಿನ ಒಬ್ಬ ಬಡಗಿಯ ವಶಕ್ಕೆ ಹೋದವು. ಆಕೆ ಆ ಊರನ್ನೂ ಬಿಟ್ಟಾಗ ಪೆಟ್ಟಿಗೆಗಳು ಅಲ್ಲೇ ಉಳಿದವು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಗುಜರಿ ವ್ಯಾಪಾರಿಯೊಬ್ಬ ಅವನ್ನು ಕೊಂಡು, ತಳ್ಳುಗಾಡಿಯ ಮೇಲೆ ಕಾಸಿಗೊಂದು ಕೊಸರಿಗೊಂದು ಎಂಬಂತೆ ಮಾರಿದ. ಕೆಲವು ಹಾಳಾಗಿಯೇ ಹೋದವು. ಅದೇ ಕೈ ಬರೆದ ಚಿತ್ರಗಳು, ಅದೇ ದೇಶ, ಹೆಚ್ಚುಕಡಿಮೆ ಅದೇ ಕಾಲ. ಒಂದು ರಾಶಿ ಮ್ಯೂಸಿಯಂ ಸೇರಿತು, ಇನ್ನೊಂದು ಸಂತೆ ಸೇರಿತು. ಎರಡರ ನಡುವಿನ ವ್ಯತ್ಯಾಸ ಪ್ರತಿಭೆಯದಲ್ಲ. ವಿಪರ್ಯಾಸವೆಂದರೆ, ಬ್ರೆಡಾದ ಗಾಡಿಯ ಚಿತ್ರಗಳಲ್ಲಿ ಎಷ್ಟೋ ಮುಂದೆ ಹುಡುಕಿ ಕೊಳ್ಳುವ ವಸ್ತುಗಳಾದದ್ದು ಕೂಡ ಯೋಹಾನ್ನಾ ಬೇರೆ ಕಡೆ ಬೆಳೆಸುತ್ತಿದ್ದ ಹೆಸರಿನಿಂದಾಗಿ.

ಗಂಡ ತೀರಿದ ಮೇಲೆ ಆಕೆ ಮಾಡಿದ ಮೊದಲ ತೀರ್ಮಾನವೇ ವಿಚಿತ್ರವಾಗಿ ಕಾಣುತ್ತದೆ. ಕಲೆಯ ರಾಜಧಾನಿ ಪ್ಯಾರಿಸ್. ಚಿತ್ರಗಳು ಅಲ್ಲಿಯೇ ಇರಲಿ ಎಂಬ ಸಲಹೆಯೂ ಇತ್ತು. ಆಕೆ ಎಲ್ಲವನ್ನೂ ಕಟ್ಟಿಸಿಕೊಂಡು ಹಾಲೆಂಡಿಗೆ ಮರಳಿದಳು, ಆಮ್‌ಸ್ಟರ್‌ಡ್ಯಾಮಿನಿಂದ ಇಪ್ಪತ್ತೈದು ಕಿಲೋಮೀಟರಿನಷ್ಟು ದೂರದ ಬುಸ್ಸುಮ್ ಎಂಬ ಊರಿಗೆ. ಅಲ್ಲಿ ಮನೆಯೊಂದನ್ನು ಹಿಡಿದು, ಊಟ-ವಸತಿ ಕೊಟ್ಟು ಬಾಡಿಗೆದಾರರನ್ನು ಇಟ್ಟುಕೊಳ್ಳುವ ಬೋರ್ಡಿಂಗ್ ನಡೆಸಿದಳು. ಜತೆಗೆ ಅನುವಾದದ ಕೆಲಸ. ಬರೀ ಹೊಟ್ಟೆಪಾಡೆಂದು ಇದನ್ನು ಬದಿಗಿಡುವುದು ತಪ್ಪು. ಅಡುಗೆಮನೆಯ ಆದಾಯ ಇದ್ದುದರಿಂದಲೇ ಚಿತ್ರಗಳನ್ನು ಅವಸರದಲ್ಲಿ ಮಾರುವ ಒತ್ತಡ ಆಕೆಗೆ ಬರಲಿಲ್ಲ. ಆ ಬಾಡಿಗೆದಾರರು ಉಂಡು ಕೂತಿದ್ದ ಮನೆಯ ಗೋಡೆಗಳ ಮೇಲೆ ವ್ಯಾನ್ ಗೋ ಚಿತ್ರಗಳಿದ್ದವು. ಬೆಂಕಿಗೂಡಿನ ಮೇಲೆ 'ಆಲೂಗಡ್ಡೆ ತಿನ್ನುವವರು'. ಬುಸ್ಸುಮ್ ಲೇಖಕರು, ಕಲಾವಿದರು, ವಿಮರ್ಶಕರು ನೆಲೆಸುತ್ತಿದ್ದ ಊರು ಕೂಡ. ಆಗ ಡಚ್ ಕಲಾಲೋಕದಲ್ಲಿ ಮಾತಿಗೆ ತೂಕವಿದ್ದ ಯಾನ್ ವೇತ್ ಅಲ್ಲೇ ಇದ್ದ. ವಿನ್ಸೆಂಟ್‌ನ ಚಿತ್ರಗಳ ಒರಟುತನ ಅವನಿಗೆ ಹಿಡಿಸಿರಲಿಲ್ಲ. ಯೋಹಾನ್ನಾ ಅವನೊಂದಿಗೆ ವಾದಕ್ಕೆ ಕೂರಲಿಲ್ಲ. ವಿನ್ಸೆಂಟ್‌ನ ಪತ್ರಗಳನ್ನು ಓದಲು ಕೊಟ್ಟಳು. ವೇತ್ ಮುಂದೆ ಆ ಚಿತ್ರಗಳ ಪರವಾಗಿ ಬರೆದ. ಇಡೀ ಮೂರು ದಶಕಗಳ ಕೆಲಸದ ಕೀಲಿಕೈ ಈ ಚಿಕ್ಕ ಘಟನೆಯಲ್ಲಿದೆ: ಈ ಚಿತ್ರಗಳನ್ನು ನೋಡುವುದು ಹೇಗೆಂದು ಕಲಿಸುವ ಪಠ್ಯ ಪತ್ರಗಳಲ್ಲಿದೆ ಎಂದು ಆಕೆ ಕಂಡುಕೊಂಡಿದ್ದಳು.

1892ರಲ್ಲಿ ಹೇಗ್ ನಗರದಲ್ಲಿ ಯಾನ್ ಟೋರೋಪ್, ವರ್ಷದ ಕೊನೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ರೋಲಾಂಡ್ ಹೋಲ್ಸ್ಟ್ — ಇಬ್ಬರೂ ಕಲಾವಿದರು — ವಿನ್ಸೆಂಟ್‌ನ ಪ್ರದರ್ಶನಗಳನ್ನು ಏರ್ಪಡಿಸಿದರು. ಚಿತ್ರಗಳನ್ನು ಕೊಟ್ಟವಳು ಯೋಹಾನ್ನಾ. ಅದಕ್ಕೆ ಮೊದಲು ಇದೇ ರೋಲಾಂಡ್ ಹೋಲ್ಸ್ಟ್ ಖಾಸಗಿ ಪತ್ರವೊಂದರಲ್ಲಿ, ಆ ಹೆಂಗಸಿಗೆ ಅರ್ಥವಾಗದ ವಿಷಯದ ಬಗ್ಗೆ ಆವೇಶದಿಂದ ಮಾತಾಡುತ್ತಾಳೆಂದು ಗೊಣಗಿಕೊಂಡಿದ್ದ. ಈ ಗೊಣಗಾಟ ನನಗೆ ಆಕೆಯ ಪರವಾದ ಸಾಕ್ಷ್ಯವಾಗಿಯೇ ಕಾಣುತ್ತದೆ. ಅರ್ಥವಾಗದವಳೆಂದು ತಿಳಿದ ವ್ಯಕ್ತಿಯಿಂದಲೇ ಆಕೆ ಪ್ರದರ್ಶನ ಮಾಡಿಸಿಕೊಂಡಳು, ಅವನೇ ಕ್ಯಾಟಲಾಗಿನ ಮುಖಪುಟಕ್ಕೆ ಬಾಡಿದ ಸೂರ್ಯಕಾಂತಿಯನ್ನು ಬರೆದುಕೊಟ್ಟ. ಯಾರ ಮೆಚ್ಚುಗೆ ಬೇಕು, ಯಾರ ಕೆಲಸ ಬೇಕು ಎಂಬ ಭೇದ ಆಕೆಗೆ ಗೊತ್ತಿತ್ತು.

ಮಾರಾಟದ ವಿಚಾರಕ್ಕೆ ಬಂದರೆ, ಪಾವನವಾದ ಸ್ಮಾರಕ ಬರಹಗಳು ಇಲ್ಲಿ ಸ್ವಲ್ಪ ಮುಜುಗರಪಡುತ್ತವೆ. ಯೋಹಾನ್ನಾ ವ್ಯಾಪಾರ ಮಾಡಿದಳು, ಬೆಲೆ ಏರಿಸಿದಳು, ಅದರಿಂದ ಆಕೆಗೂ ಮಗನಿಗೂ ನೆಮ್ಮದಿಯ ಬದುಕು ಸಿಕ್ಕಿತು. ಹಾಗಿದ್ದರೆ ಇದು ಕುಟುಂಬದ ಆಸ್ತಿಯನ್ನು ಬೆಳೆಸಿದ ಕಥೆಯಲ್ಲವೇ ಎಂದು ಕೇಳುವವರಿದ್ದಾರೆ. ಉತ್ತರ ಆಕೆಯ ಲೆಕ್ಕದ ಪುಸ್ತಕದಲ್ಲಿದೆ. ಥಿಯೋ ಮನೆವಾರ್ತೆಗೆಂದು ಶುರುಮಾಡಿದ್ದ ಆ ಪುಸ್ತಕದಲ್ಲೇ ಆಕೆ ಮಾರಾಟಗಳನ್ನು ಬರೆದಿಡುತ್ತ ಹೋದಳು. 2002ರಲ್ಲಿ ಅದು ಟಿಪ್ಪಣಿಗಳೊಂದಿಗೆ ಪ್ರಕಟವಾಯಿತು. ಮೂವತ್ತನಾಲ್ಕು ವರ್ಷಗಳಲ್ಲಿ ಕೈಬಿಟ್ಟುಹೋದದ್ದು ಚಿತ್ರ, ರೇಖಾಚಿತ್ರ ಎಲ್ಲ ಸೇರಿ ಸುಮಾರು 250. ಬರೀ ಹಣವೇ ಗುರಿಯಾಗಿದ್ದರೆ, ಬೆಲೆ ಮುಗಿಲಿಗೇರಿದ ಕೊನೆಯ ವರ್ಷಗಳಲ್ಲಿ ಎಲ್ಲವನ್ನೂ ಮಾರಿ ಮುಗಿಸಬಹುದಿತ್ತು. ಮಾರಲೇ ಕೂಡದೆಂದಿದ್ದರೆ ವಿನ್ಸೆಂಟ್ ಬುಸ್ಸುಮ್‌ನ ಒಂದು ಮನೆಯ ಗೋಡೆಯಾಚೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಕೆ ಹಿಡಿದ ದಾರಿ ಇವೆರಡರ ನಡುವಿನದು: ಪ್ರದರ್ಶನಕ್ಕೆ ಕಳಿಸುವ ಗುಂಪಿನಲ್ಲಿ ಕೆಲವು ಮಾರಾಟಕ್ಕೆ, ಅತ್ಯುತ್ತಮವಾದವು ಬರೀ ನೋಡುವುದಕ್ಕೆ. ನೋಡಲು ಬಂದವನು ದೊಡ್ಡದನ್ನು ಕಂಡು ಬೆರಗಾಗಬೇಕು, ಸಿಗುವುದನ್ನು ಕೊಂಡು ಹೋಗಬೇಕು. ಸಾಧ್ಯವಾದಾಗಲೆಲ್ಲ ಕೊಳ್ಳುವವರು ಸಾರ್ವಜನಿಕ ಸಂಗ್ರಹಾಲಯಗಳಾಗಿರಲಿ ಎಂಬ ಒಲವೂ ಇತ್ತು. ತಪ್ಪುಗಳೂ ಆದವು. ಡಾಕ್ಟರ್ ಗಾಶೆಯ ಭಾವಚಿತ್ರ 1897ರಲ್ಲಿ ವೊಲಾರ್ ಎಂಬ ಪ್ಯಾರಿಸ್ ವ್ಯಾಪಾರಿಯ ಮೂಲಕ ಡೆನ್ಮಾರ್ಕಿನ ಸಂಗ್ರಾಹಕಿಯೊಬ್ಬಳಿಗೆ 300 ಫ್ರಾಂಕಿಗೆ ಹೋಯಿತು. ಅದೇ ಚಿತ್ರ 1990ರ ಹರಾಜಿನಲ್ಲಿ 8.25 ಕೋಟಿ ಡಾಲರಿಗೆ ಹೋಗಿ ಸುದ್ದಿಯಾಯಿತು. ಇದನ್ನು ಆಕೆಯ ದಡ್ಡತನವೆಂದು ಎಣಿಸುವವರು ನಡುವಿನ ತೊಂಬತ್ತು ಮೂರು ವರ್ಷಗಳನ್ನು ಮರೆಯುತ್ತಾರೆ. ಆ ಬೆಲೆಯನ್ನು ಕಟ್ಟಲು ಶುರುಮಾಡಿದ ಕೈಗಳಲ್ಲಿ ಆಕೆಯವೂ ಇದ್ದವು.

1901ರಲ್ಲಿ ಯೋಹಾನ್ನಾ ಚಿತ್ರಕಾರನೂ ವಿಮರ್ಶಕನೂ ಆದ ಯೋಹಾನ್ ಕೋಹೆನ್ ಖೋಸ್‌ಖಾಲ್ಕ್‌ನನ್ನು ಮದುವೆಯಾದಳು. ಅದೇ ವರ್ಷ ಪ್ಯಾರಿಸ್ಸಿನ ಬರ್ನ್‌ಹೈಮ್-ಜ್ಯೂನ್ ಗ್ಯಾಲರಿಯಲ್ಲಿ ದೊಡ್ಡ ಪ್ರದರ್ಶನ ನಡೆದು ಮಾತಿಸ್, ವ್ಲಾಮಿಂಕ್ ಮೊದಲಾದ ಕಿರಿಯರ ಕಣ್ಣು ತೆರೆಸಿತು. ಬರ್ಲಿನ್ನಿನ ಕಲಾವ್ಯಾಪಾರಿ ಪಾಲ್ ಕಸೀರರ್ ಆಕೆಯ ಚಿತ್ರಗಳಿಗೆ ಜರ್ಮನಿಯ ಮಾರುಕಟ್ಟೆಯನ್ನು ತೆರೆದ. ಹಿತ್ತಲ ಗಿಡ ಮದ್ದಲ್ಲವೆಂಬಂತೆ ತನ್ನ ದೇಶ ಮಾತ್ರ ತಡವಾಗಿಯೇ ಒಲಿಯುತ್ತಿತ್ತು. ಹಾಗಾಗಿ 1905ರ ಬೇಸಿಗೆಯಲ್ಲಿ ಆಕೆ ಆಮ್‌ಸ್ಟರ್‌ಡ್ಯಾಮಿನ ಸ್ಟೆಡೆಲೆಕ್ ಮ್ಯೂಸಿಯಂನ ಕೋಣೆಗಳನ್ನು ತಾನೇ ಬಾಡಿಗೆಗೆ ಹಿಡಿದಳು. ಸುಮಾರು 480 ಕೃತಿಗಳು. ವ್ಯಾನ್ ಗೋನ ಅಷ್ಟು ದೊಡ್ಡ ಪ್ರದರ್ಶನ ಇಂದಿನವರೆಗೂ ಮತ್ತೊಂದಾಗಿಲ್ಲ. ಚಿತ್ರಗಳನ್ನು ಕಲೆಹಾಕುವುದು, ಆಮಂತ್ರಣ, ಭಿತ್ತಿಪತ್ರ, ಕ್ಯಾಟಲಾಗು, ಖರ್ಚು ಎಲ್ಲ ಆಕೆಯದೇ. ಸರ್ಕಾರಿ ಮ್ಯೂಸಿಯಂ ಮಾಡಬೇಕಾದುದನ್ನು ಖಾಸಗಿ ಹೆಂಗಸೊಬ್ಬಳು ಮ್ಯೂಸಿಯಂ ಕಟ್ಟಡದೊಳಗೇ ಬಾಡಿಗೆ ಕೊಟ್ಟು ಮಾಡಿದಳೆಂಬುದು ಸಂಸ್ಥೆಗಳ ಇತಿಹಾಸ ಬರೆಯುವವರು ತಡೆದು ನೋಡಬೇಕಾದ ಸಂಗತಿ. ಮುಂದೆ 1912ರಲ್ಲಿ ಕಲೋನ್‌ನ ಮಹಾಪ್ರದರ್ಶನದಲ್ಲಿ ವಿನ್ಸೆಂಟ್‌ನ ನೂರಕ್ಕೂ ಹೆಚ್ಚು ಚಿತ್ರಗಳು ಒಟ್ಟಿಗೆ ತೂಗಿದಾಗ, ಆಧುನಿಕ ಕಲೆಗೆ ಅವನೇ ಪಿತಾಮಹನೆಂಬ ಮಾತು ಸ್ಥಿರವಾಯಿತು.

ಹಾಗಾದರೆ ಉಳಿದವರ ಪಾಲೇನು? ಸಾವಿಗೆ ಆರು ತಿಂಗಳು ಮೊದಲೇ, 1890ರ ಜನವರಿಯಲ್ಲಿ, ಪ್ಯಾರಿಸ್ಸಿನಲ್ಲಿ ವಿನ್ಸೆಂಟ್ ಬಗ್ಗೆ ಉತ್ಸಾಹದ ಲೇಖನ ಬರೆದವನು ಆಲ್ಬೇರ್ ಓರಿಯೇ. ಪತ್ರಗಳ ಭಾಗಗಳನ್ನು 1893ರಿಂದಲೇ ಪ್ಯಾರಿಸ್ಸಿನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದವನು ಬರ್ನಾರ್. ಜರ್ಮನಿಯಲ್ಲಿ ವಿಮರ್ಶಕ ಮಾಯರ್-ಗ್ರೇಫೆ, ಹಾಲೆಂಡಿನಲ್ಲಿ ಕಲಾಪಾಠ ಹೇಳುತ್ತಿದ್ದ ಬ್ರೆಮರ್, ಅವನ ಮಾತಿನಂತೆ 1908ರ ಸುಮಾರಿನಿಂದ ಕೊಳ್ಳುತ್ತ ಹೋಗಿ ಕೊನೆಗೆ ಸುಮಾರು ತೊಂಬತ್ತು ತೈಲಚಿತ್ರಗಳನ್ನು ಒಟ್ಟುಗೂಡಿಸಿದ ಹೆಲೇನ್ ಕ್ರೋಲರ್-ಮ್ಯೂಲರ್ — ಇವರನ್ನೆಲ್ಲ ಬಿಟ್ಟು ಯೋಹಾನ್ನಾ ಒಬ್ಬಳೇ ವಿನ್ಸೆಂಟ್‌ನನ್ನು ಸೃಷ್ಟಿಸಿದಳೆಂದರೆ ಅದು ಹಳೆಯ ಅನ್ಯಾಯಕ್ಕೆ ಹೊಸ ಉತ್ಪ್ರೇಕ್ಷೆಯಿಂದ ಪರಿಹಾರ ಹುಡುಕಿದಂತೆ. ಆದರೆ ಈ ಹೆಸರುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವುದೂ ಸರಿಯಲ್ಲ. ವಿಮರ್ಶಕ ಬರೆಯಲು ಚಿತ್ರವನ್ನು ನೋಡಬೇಕು, ವ್ಯಾಪಾರಿ ಮಾರಲು ಚಿತ್ರ ಕೈಯಲ್ಲಿರಬೇಕು, ಶ್ರೀಮಂತೆ ಕೊಳ್ಳಲು ಚಿತ್ರ ಮಾರುಕಟ್ಟೆಯಲ್ಲಿರಬೇಕು. ಇವರೆಲ್ಲರ ಚಟುವಟಿಕೆಯ ಹಿಂದಿನ ದೊಡ್ಡ ಉಗ್ರಾಣ ಆಕೆಯದು, ಅದರ ಬಾಗಿಲನ್ನು ಎಷ್ಟು ತೆರೆಯಬೇಕೆಂದು ನಿರ್ಧರಿಸುತ್ತಿದ್ದವಳೂ ಆಕೆ. ಹೆಲೇನ್ ಜೊತೆಗಿನ ಹೋಲಿಕೆ ಸ್ವಾರಸ್ಯಕರ: ಹೆಲೇನ್ ಹಡಗು-ಗಣಿ ವ್ಯಾಪಾರದ ಸಂಪತ್ತಿನಿಂದ, ಆಗಲೇ ಹೆಸರಾದ ಚಿತ್ರಕಾರನನ್ನು ಸಂಗ್ರಹಿಸಿದಳು, ಯೋಹಾನ್ನಾ ಬಾಡಿಗೆದಾರರ ಊಟದ ಹಣದಿಂದ, ಹೆಸರಿಲ್ಲದವನಿಗೆ ಹೆಸರು ಸಂಪಾದಿಸಿದಳು. 1928ರಲ್ಲಿ ಬರ್ಲಿನ್ನಿನಲ್ಲಿ ಓಟ್ಟೋ ವಾಕರ್ ಎಂಬವನ ನಕಲಿ ವ್ಯಾನ್ ಗೋಗಳು ಬಯಲಾದಾಗ ಇನ್ನೊಂದು ವಿಷಯ ಸ್ಪಷ್ಟವಾಯಿತು: ಕುಟುಂಬದ ಕೈಯಿಂದ ಹೊರಟ ಚಿತ್ರ ಯಾವುದು, ಎಲ್ಲಿಂದಲೋ ಬಂದದ್ದು ಯಾವುದು ಎಂಬ ದಾಖಲೆಗೆ ಎಷ್ಟು ಬೆಲೆಯೆಂಬುದು. ಮೂಲದ ಜಾಡು ಹಿಡಿಯುವ ಸಂಶೋಧಕರು ಇಂದಿಗೂ ಆಕೆಯ ಲೆಕ್ಕದ ಪುಸ್ತಕವನ್ನು ತಿರುವುತ್ತಾರೆ.

ಗಂಭೀರವಾದ ಆಕ್ಷೇಪ ಪತ್ರಗಳ ಬಗ್ಗೆ. 1914ರಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ, ಸಾಮಾನ್ಯ ಓದುಗರಿಗೆ ಅಗ್ಗದಲ್ಲಿ ಒಳ್ಳೆಯ ಪುಸ್ತಕ ಮುಟ್ಟಿಸಲೆಂದೇ ಹುಟ್ಟಿದ ವೆರೆಲ್ಡ್‌ಬಿಬ್ಲಿಯೋಥೇಕ್ ಪ್ರಕಾಶನದಿಂದ, ತಮ್ಮನಿಗೆ ಬರೆದ ಪತ್ರಗಳು ಮೂರು ಸಂಪುಟಗಳಲ್ಲಿ ಹೊರಬಂದವು. ಸಂಪಾದಕಿ ಯೋಹಾನ್ನಾ, ಮುನ್ನುಡಿಯಲ್ಲಿ ವಿನ್ಸೆಂಟ್‌ನ ಜೀವನ ಬರೆದವಳೂ ಆಕೆ. (ಕಾರ್ಮಿಕರ ಸಮಾಜವಾದಿ ಪಕ್ಷದ ಮಹಿಳಾ ಸಂಘಟನೆಯಲ್ಲಿ ದುಡಿದವಳಿಗೆ ಈ ಪ್ರಕಾಶಕರು ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ.) ಅದೇ ವರ್ಷ ಥಿಯೋನ ಅಸ್ಥಿಯನ್ನು ಉಟ್ರೆಕ್ಟ್‌ನಿಂದ ತರಿಸಿ ಓವೇರ್‌ನಲ್ಲಿ ಅಣ್ಣನ ಪಕ್ಕ ಹೂಳಿಸಿದಳು, ಪುಸ್ತಕ ಹೇಳುವುದನ್ನೇ ನೆಲದ ಮೇಲೂ ಬರೆದಂತೆ. ಈ ಆವೃತ್ತಿಯಲ್ಲಿ ಆಕೆ ಕುಟುಂಬದ ಮರ್ಯಾದೆಗೆ ಕುಂದಾಗುವಂಥ ಕೆಲವು ಭಾಗಗಳನ್ನು ಬಿಟ್ಟಿದ್ದಾಳೆ, ಕೆಲವು ಹೆಸರುಗಳನ್ನು ಮೊದಲಕ್ಷರಗಳಲ್ಲಿ ಮುಚ್ಚಿದ್ದಾಳೆ, ತಾರೀಖಿಲ್ಲದ ಪತ್ರಗಳ ಅನುಕ್ರಮದಲ್ಲಿ ಎಡವಿದ್ದಾಳೆ. ನರಳುವ ಪ್ರತಿಭೆಯ ದಂತಕಥೆಗೆ ನೀರೆರೆದದ್ದು ಇದೇ ಪುಸ್ತಕವೆಂಬ ದೂರೂ ಇದೆ. 1934ರಲ್ಲಿ ಇರ್ವಿಂಗ್ ಸ್ಟೋನ್ ಬರೆದ ಜನಪ್ರಿಯ ಕಾದಂಬರಿಗೆ ಬುನಾದಿ ಈ ಪತ್ರಗಳೇ. ಕತ್ತರಿ ಹಾಕಿದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ದಂತಕಥೆಯ ಹೊಣೆಯನ್ನು ಹೊರಿಸುವ ಮುನ್ನ ಒಂದು ಸಂಗತಿ ನೋಡಬೇಕು: ಪತ್ರಗಳು ಆಕೆಯ ಕೈಯಲ್ಲಿ ಅಚ್ಚಾಗದೆ ಇಪ್ಪತ್ತಮೂರು ವರ್ಷ ಕಾದಿದ್ದವು. ಕಾದದ್ದರ ಕಾರಣವನ್ನು ಆಕೆಯೇ ಮುನ್ನುಡಿಯಲ್ಲಿ ಹೇಳಿದ್ದಾಳೆ: ಅವನ ಕೆಲಸಕ್ಕೆ ಮನ್ನಣೆ ಸಿಗುವ ಮೊದಲೇ ಅವನ ಬದುಕಿನ ಬಗ್ಗೆ ಕುತೂಹಲ ಕೆರಳಿಸುವುದು ಅವನಿಗೆ ಬಗೆಯುವ ಅನ್ಯಾಯ. ಕಿವಿ ಕೊಯ್ದುಕೊಂಡವನ ಕಥೆಯನ್ನು 1891ರಲ್ಲೇ ಮಾರಬಹುದಿತ್ತು, ಅದಕ್ಕೆ ಗಿರಾಕಿಗಳೂ ಇದ್ದರು. ಆಕೆ ಅದನ್ನು ಹಿಡಿದಿಟ್ಟಳು. ವಿಮರ್ಶಕರಿಗೆ ಒಬ್ಬೊಬ್ಬರಾಗಿ ತೋರಿಸಿದಳೇ ಹೊರತು ಸಂತೆಗೆ ಇಳಿಸಲಿಲ್ಲ. ಜತೆಗೆ ಇನ್ನೊಂದು: ಬಿಟ್ಟದ್ದನ್ನು ಸುಡಲಿಲ್ಲ. ಮೂಲ ಹಾಳೆಗಳು ಹಾಗೆಯೇ ಉಳಿದುದರಿಂದ 2009ರಲ್ಲಿ ವಿನ್ಸೆಂಟ್ ಬರೆದ ಮತ್ತು ಅವನಿಗೆ ಬಂದ ಒಟ್ಟು 902 ಪತ್ರಗಳ ಸಟಿಪ್ಪಣಿ ಆವೃತ್ತಿ ಸಾಧ್ಯವಾಯಿತು. ಆಕೆಯ ಸಂಪಾದನೆಯ ತಪ್ಪುಗಳನ್ನು ನಾವು ಹುಡುಕಬಲ್ಲೆವಾದರೆ ಹೋಲಿಸಿ ನೋಡಲು ಬೇಕಾದುದನ್ನು ಉಳಿಸಿಕೊಟ್ಟವಳೂ ಆಕೆಯೇ. ವಿನ್ಸೆಂಟ್ ಮಾತ್ರ ತಮ್ಮನ ಪತ್ರಗಳನ್ನು ಇಟ್ಟುಕೊಳ್ಳಲಿಲ್ಲ; ಥಿಯೋ ಬರೆದವುಗಳಲ್ಲಿ ನಲವತ್ತರಷ್ಟು ಮಾತ್ರ ಉಳಿದಿವೆ.

ಕೊಡುವ-ಹಿಡಿದಿಡುವ ಈ ವಿವೇಚನೆ ಕೊನೆಗೆ ಆಕೆಯ ಮೇಲೆಯೇ ತಿರುಗಿತು. 1923ರಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿ, ಕೋರ್ಟಾಲ್ಡ್ ನಿಧಿಯ ಹಣದಿಂದ, 'ಸೂರ್ಯಕಾಂತಿಗಳು' ಕೊಳ್ಳಲು ಮುಂದಾಯಿತು. ಆಕೆ ಆಗುವುದಿಲ್ಲವೆಂದಳು: ಮೂವತ್ತಕ್ಕೂ ಹೆಚ್ಚು ವರ್ಷ ದಿನವೂ ಕಣ್ಣೆದುರಿಗಿದ್ದ ಚಿತ್ರ ಅದು. 1924ರ ಜನವರಿಯಲ್ಲಿ ಮನಸ್ಸು ಬದಲಿಸಿ ಒಪ್ಪಿದಳು. ಕಾರಣವಾಗಿ ಬರೆದದ್ದು, ಆ ಗ್ಯಾಲರಿಯಲ್ಲಿ ವಿನ್ಸೆಂಟ್‌ಗೆ ಪ್ರತಿನಿಧಿಯಾಗಲು ಅದಕ್ಕಿಂತ ಯೋಗ್ಯ ಚಿತ್ರವಿಲ್ಲ, ಅವನ ಕೀರ್ತಿಗಾಗಿ ಮಾಡುವ ತ್ಯಾಗವಿದು ಎಂದು. ತ್ಯಾಗವೆಂಬ ಮಾತಿನ ಭಾವುಕತೆಯನ್ನು ಪಕ್ಕಕ್ಕಿಟ್ಟು ಲೆಕ್ಕ ಹಾಕಿದರೂ ಇದು ಅಚ್ಚುಕಟ್ಟಾದ ನಿರ್ಧಾರ. ಒಂದು ಸೂರ್ಯಕಾಂತಿ ಯೂರೋಪಿನ ದೊಡ್ಡ ಸಾರ್ವಜನಿಕ ಸಂಗ್ರಹಗಳಲ್ಲೊಂದಕ್ಕೆ ಹೋಯಿತು, ಇನ್ನೊಂದು ಮನೆಯಲ್ಲಿ ಉಳಿಯಿತು. ಉಳಿದದ್ದು ಇಂದು ಆಮ್‌ಸ್ಟರ್‌ಡ್ಯಾಮಿನ ಮ್ಯೂಸಿಯಂನಲ್ಲಿದೆ. ಮಗು ಹುಟ್ಟಿದ ಸಂತೋಷಕ್ಕೆ ವಿನ್ಸೆಂಟ್ ಬರೆದುಕೊಟ್ಟ 'ಬಾದಾಮಿ ಹೂವು' ಕೂಡ. ಅದನ್ನು ಆಕೆ ಎಂದೂ ಮಾರಾಟಕ್ಕಿಡಲಿಲ್ಲ.

ಇಷ್ಟೆಲ್ಲ ಮಾಡಿದವಳ ಹೆಸರು ಬಹುಕಾಲ ಅಡಿಟಿಪ್ಪಣಿಯಲ್ಲೇ ಉಳಿದುದಕ್ಕೆ ಹಲವು ಕಾರಣಗಳಿವೆ. ಕೆಲವು ಆಕೆಯ ಮನೆಯೊಳಗಿನವೇ. ಮಗ ವಿನ್ಸೆಂಟ್ ವಿಲೆಮ್ ಸಂಗ್ರಹವನ್ನು ಒಡೆಯಲು ಬಿಡದೆ ಮ್ಯೂಸಿಯಂವರೆಗೆ ಮುಟ್ಟಿಸಿದ, ಆದರೆ ತಾಯಿಯ ದಿನಚರಿಗಳನ್ನು ಓದಲು ಹೊರಗಿನವರಿಗೆ ಬಿಡಲಿಲ್ಲ. 2009ರಲ್ಲಿ ಸಂಶೋಧಕ ಹಾನ್ಸ್ ಲಾಯ್ಟನ್ ಅವರಿಗೆ ಅವು ತೆರೆದವು, ಹತ್ತು ವರ್ಷಗಳ ಬಳಿಕ ಅವರ ಜೀವನಚರಿತ್ರೆ ಬಂತು. ಅಲ್ಲಿಯವರೆಗೆ ನಮಗೆ ಸಿಗುತ್ತಿದ್ದದ್ದು ಆಕೆಯೇ ಮುನ್ನುಡಿಯಲ್ಲಿ ಕೆತ್ತಿಟ್ಟ ಇಬ್ಬರು ಸಹೋದರರ ಚಿತ್ರ. ಕೆತ್ತಿದವಳು ಅದರಾಚೆಗೇ ನಿಂತಿದ್ದಳು. 1891ರ ನವೆಂಬರ್‌ನ ದಿನಚರಿಯಲ್ಲಿ ಆಕೆ, ಥಿಯೋ ತನಗೆ ಮಗುವಿನೊಂದಿಗೆ ಇನ್ನೊಂದು ಕೆಲಸವನ್ನೂ ಬಿಟ್ಟುಹೋಗಿದ್ದಾನೆ, ವಿನ್ಸೆಂಟ್‌ನ ಚಿತ್ರಗಳನ್ನು ಆದಷ್ಟು ಜನ ನೋಡಿ ಮೆಚ್ಚುವಂತೆ ಮಾಡುವ ಕೆಲಸ ಎಂಬರ್ಥದ ಮಾತು ಬರೆದುಕೊಂಡಿದ್ದಳು. ಮೊದಲನೆಯ ಮಹಾಯುದ್ಧದ ವರ್ಷಗಳಲ್ಲಿ ನ್ಯೂಯಾರ್ಕಿನಲ್ಲಿದ್ದಾಗ ಅದೇ ಕೆಲಸದ ಮುಂದಿನ ಕಂತಾಗಿ ಪತ್ರಗಳನ್ನು ಇಂಗ್ಲಿಷಿಗೆ ತರತೊಡಗಿದಳು, ಹಾಲೆಂಡಿಗೆ ಮರಳಿದ ಮೇಲೂ ಬಿಡಲಿಲ್ಲ. ಪಾರ್ಕಿನ್‌ಸನ್ ಕಾಯಿಲೆ ಅಷ್ಟರಲ್ಲಿ ಹಿಡಿದಿತ್ತು. 1925ರ ಸೆಪ್ಟೆಂಬರ್ 2ರಂದು ಲಾರೆನ್‌ನಲ್ಲಿ ಆಕೆ ತೀರಿಕೊಂಡಾಗ ಅನುವಾದ 526ನೆಯ ಪತ್ರದವರೆಗೆ ಬಂದಿತ್ತು. ಉಳಿದವನ್ನು ಬೇರೊಬ್ಬರು ಮುಗಿಸಿದರು; ಇಂಗ್ಲಿಷ್ ಆವೃತ್ತಿ 1927ರಿಂದ ಹೊರಬರತೊಡಗಿತು.